ನಿಶ್ಶಬ್ದ ವಲಯ ಮುಗಿಯಿತು

ನಮ್ಮ ಮನೆಯ ಮುಂದೆ ಒಂದು ಬೋರ್ಡು ಇತ್ತು. ‘ನಿಶ್ಶಬ್ದ ವಲಯ ಮುಗಿಯಿತು’ ಎಂದು ಅದರ ಮೇಲೆ ಬರೆದಿತ್ತು. ಅದಕ್ಕೆ ಗುಂಡಿ ತೋಡಿದವನು ನನ್ನ ಗಂಡ ಚಲಪತಿಯೇ. ರಸ್ತೆ ಕಂಟ್ರಾಕ್ಟರನ ಗ್ಯಾಂಗಿನಲ್ಲಿ ಅವನು ಕೂಲಿ. ಮೇಸ್ತ್ರಿ ಸುಣ್ಣದಲ್ಲಿ ಗುರುತು ಹಾಕಿ ಇಲ್ಲಿ ಅಗಿ ಅಂದ, ಇವನು ಅಗೆದ. ಬಿಲ್ಲಿನಲ್ಲಿ ಕಾಂಕ್ರೀಟು ಇತ್ತಂತೆ, ಗುಂಡಿಗೆ ಮಾತ್ರ ಬರೀ ಮಣ್ಣು ಬಿತ್ತು. ಕಂಬ ನಿಲ್ಲಿಸಿ, ಮನೆ ಇಲ್ಲೇ ಇದೆಯಲ್ಲ ಎಂದು ಒಳಗೆ ಬಂದು ಮುದ್ದೆಗೆ ಕೂತ. ಮೊದಲನೇ ತುತ್ತು ಗಂಟಲಲ್ಲಿ ಇರುವಾಗಲೇ ಜಲ್ಲಿ ತುಂಬಿದ ಟಿಪ್ಪರೊಂದು ಬಂತು. ಡ್ರೈವರು ಬೋರ್ಡು ಓದಿಕೊಂಡು ಹಾರ್ನಿನ ಮೇಲೆ ಕೈಯಿಟ್ಟವನು ನಮ್ಮ ಕಾಲೊನಿಯ ಇಪ್ಪತ್ತೆರಡು ಮನೆ ದಾಟುವವರೆಗೆ ತೆಗೆಯಲಿಲ್ಲ. ಚಲಪತಿಗೆ ನೆತ್ತಿಗೇರಿತು. ನಾನು ನೀರು ಕೊಟ್ಟೆ.

ಈ ನಿಶ್ಶಬ್ದ ವಲಯ ಶುರುವಾಗುವುದು ಬಂಗಾರಪೇಟೆ ಕಡೆಗೆ ಅರ್ಧ ಕಿಲೋಮೀಟರು ಹಿಂದೆ, ಮುನಿನಾರಾಯಣಪ್ಪನ ಗೇಟಿನ ಹತ್ತಿರ. ಅವನು ಯಾವುದೋ ಕಾಲದಲ್ಲಿ ಪಂಚಾಯಿತಿ ಛೇರ್ಮನ್ ಆಗಿದ್ದ. ಕುರ್ಚಿ ಹೋದರೂ ಹೆಸರು ಹೋಗಲಿಲ್ಲ. ಮನೆಯ ಪಕ್ಕದಲ್ಲಿ ಒಂದು ಕಾನ್ವೆಂಟು ಕಟ್ಟಿಸಿ, ಮಕ್ಕಳ ಓದಿಗೆ ತೊಂದರೆಯಾಗಬಾರದೆಂದು ಓಡಾಡಿ ಈ ಬೋರ್ಡುಗಳನ್ನು ಹಾಕಿಸಿದ. ಎರಡು ವರ್ಷಕ್ಕೆ ಕಾನ್ವೆಂಟು ಮುಚ್ಚಿತು. ಈಗ ಆ ಕೊಠಡಿಗಳಲ್ಲಿ ಅವನ ಟೊಮೇಟೊ ಕ್ರೇಟುಗಳಿವೆ. ಬೋರ್ಡು ಹಾಗೇ ಇದೆ. ಕ್ರೇಟುಗಳ ನಿದ್ದೆ ಕೆಡಬಾರದು, ನಮ್ಮದು ಕೆಟ್ಟರೆ ಪರವಾಗಿಲ್ಲ ಎಂದು ಸರ್ಕಾರ ತೀರ್ಮಾನ ಮಾಡಿದಂತಿತ್ತು.

ನಮ್ಮದು ಅರೆಬಂಡೆಹಳ್ಳಿಯ ಕಾಲೊನಿ. ಕಾಲೊನಿ ಅಂದರೆ ಯಾರದ್ದು ಎಂದು ನಮ್ಮ ಕಡೆ ಯಾರೂ ಬಿಡಿಸಿ ಕೇಳುವುದಿಲ್ಲ. ಊರಿನ ಆಚೆ ಇರಿ ಎಂದು ಹಿಂದಿನವರು ಇಲ್ಲಿ ಕೂರಿಸಿದರು. ಆಗ ಇಲ್ಲಿ ಜಾಲಿ ಬಿಟ್ಟರೆ ಏನೂ ಇರಲಿಲ್ಲವಂತೆ. ಆಮೇಲೆ ಬಂಗಾರಪೇಟೆಯಿಂದ ರಾಬರ್ಟ್‌ಸನ್‌ಪೇಟೆಗೆ ಹೋಗುವ ರಸ್ತೆ ಅಗಲವಾಯಿತು. ಅಗಲವಾಗಲು ಜಾಗ ಬೇಕಿತ್ತು. ಊರಿನ ಕಡೆ ತೋಟಗಳಿದ್ದವು, ನಮ್ಮ ಕಡೆ ಜಗಲಿಗಳಿದ್ದವು. ಜಗಲಿಗಳು ಹೋದವು. ಈಗ ನಮ್ಮ ಹೊಸಿಲಿಗೂ ಡಾಂಬರಿಗೂ ನಡುವೆ ನನ್ನ ಅತ್ತೆ ಅಮ್ಮಾಜಮ್ಮನ ಆರು ಹೆಜ್ಜೆ ದೂರ.

ರಾಬರ್ಟ್‌ಸನ್‌ಪೇಟೆಯ ಸೆಲ್ವರಾಜ್ ಎಂಬ ತಮಿಳಿನವನು ಈ ರಸ್ತೆಯಲ್ಲಿ ಪ್ರೈವೇಟ್ ಬಸ್ಸು ಓಡಿಸುತ್ತಾನೆ. ಒಳ್ಳೆಯ ಮನುಷ್ಯ, ಕೈ ತೋರಿಸಿದ ಕಡೆ ನಿಲ್ಲಿಸುತ್ತಾನೆ. ಒಂದು ದಿನ ಬಸ್ಸು ಹತ್ತುತ್ತಾ ಕೇಳಿಯೇಬಿಟ್ಟೆ.

“ನಮ್ಮ ಮನೆ ಮುಂದೇನೇ ಯಾಕಣ್ಣ ಅಂಗೆ ಆರನ್ ಒಡೀತೀಯ?”

“ಅಕ್ಕಾ, ನಾನ್ ಎನ್ನ ಮಾಡ್ಲಿ? ಅಲ್ಲಿಂದ ಅರ್ಧ ಕಿಲೋಮೀಟ್ರು ಕೈ ಕಟ್ಕೊಂಡು ಬತ್ತೀನಿ. ಹಸು ಬರ್ತದೆ, ಒಡೆಯೋಂಗಿಲ್ಲ. ನಾಯಿ ಬರ್ತದೆ, ಒಡೆಯೋಂಗಿಲ್ಲ. ಇಲ್ಲಿ ಮುಗೀತು ಅಂತ ಬೋರ್ಡ್ ಕಂಡ್ರೆ ಕೈ ತಾನೇ ಓಗ್ತದೆ.”

“ಆ ಕಡೆಯಿಂದ ಬರೋರು?”

“ಅವ್ರಿಗೆ ಮುಂದೆ ಒಡೆಯೋಂಗಿಲ್ಲ ಅಲ್ವಾ. ಮೊದ್ಲೇ ಒಡ್ಕೋತಾರೆ.”

ಉಪವಾಸದ ಹಿಂದಿನ ದಿನವೂ ಮಾರನೇ ದಿನವೂ ಜನ ಹೊಟ್ಟೆ ಬಿರಿಯ ತಿನ್ನುತ್ತಾರಲ್ಲ, ಹಾಗೆ. ಉಪವಾಸ ಛೇರ್ಮನ್ನನ ಮನೆಯದು, ಅಜೀರ್ಣ ನಮ್ಮದು.

ನಾವು ಹೇಗೋ ಬದುಕುವುದನ್ನು ಕಲಿತೆವು. ಎರಡು ಲಾರಿಗಳ ನಡುವೆ ಸಿಗುವ ಸಂದಿನಲ್ಲಿ ಮಾತಾಡುವುದು ನಮ್ಮ ಕಾಲೊನಿಯ ವಿದ್ಯೆ. ಅರ್ಧ ಮಾತಾಡಿ ನಿಲ್ಲಿಸುತ್ತೇವೆ. ಲಾರಿ ಹೋಗುತ್ತದೆ. ಉಳಿದರ್ಧ ಆಡುತ್ತೇವೆ. ಅಷ್ಟರಲ್ಲಿ ಉಳಿದರ್ಧ ಏನೆಂದು ಮರೆತಿದ್ದರೆ ಅದು ಅಷ್ಟೇನೂ ಮುಖ್ಯವಾದ ಮಾತಲ್ಲ ಎಂದು ಲೆಕ್ಕ. ಈ ಅಭ್ಯಾಸ ಎಷ್ಟು ಬಲಿತಿತ್ತೆಂದರೆ ಬೇತಮಂಗಲದ ಕೆರೆ ಹಿಂದಿರುವ ನನ್ನ ತವರಿಗೆ ಹೋದಾಗಲೂ ನಾನು ಮಾತಿನ ನಡುವೆ ನಿಲ್ಲಿಸಿ ಬಾಯಿ ತೆರೆದುಕೊಂಡು ಕಾಯುತ್ತಿದ್ದೆ. ಅಲ್ಲಿ ಯಾವ ಲಾರಿಯೂ ಬರುವುದಿಲ್ಲ. ನನ್ನ ಅಮ್ಮ ಮಗಳಿಗೆ ಏನೋ ಮೆಟ್ಟಿಕೊಂಡಿದೆ ಎಂದು ಹೆದರಿ ತಾಯತ ಕಟ್ಟಿಸಿ ಕಳಿಸಿದಳು. ಅದನ್ನು ಕೈಗೆ ಕಟ್ಟಿಕೊಂಡೇ ಎರಡು ವರ್ಷ ಓಡಾಡಿದೆ.

ಲಾರಿಯನ್ನು ಮೀರಿಸುವ ಗಂಟಲು ಊರಲ್ಲಿ ಒಂದೇ ಇತ್ತು. ಅದು ಮುನಿನಾರಾಯಣಪ್ಪನದು. ಬೆಳಿಗ್ಗೆ ಕೂಲಿಗೆ ಕರೆಯಲು ಬುಲೆಟ್ಟಿನಲ್ಲಿ ಬರುತ್ತಿದ್ದ. ಇಳಿಯುತ್ತಿರಲಿಲ್ಲ. ಕಾಲೊನಿಯ ನೆಲಕ್ಕೆ ಅವನ ಕಾಲು ತಾಗಿದ್ದನ್ನು ನಾನು ಕಂಡಿಲ್ಲ. ಡಾಂಬರಿನ ಮೇಲೇ ಬುಲೆಟ್ಟು ನಿಲ್ಲಿಸಿಕೊಂಡು ನನ್ನ ಮಾವ ಕೋದಂಡಪ್ಪನನ್ನು ಕರೆಯುತ್ತಿದ್ದ. “ಲೇ ಕೋದಂಡ, ಇನ್ನೂ ಯಾಕ್ಲಾ ಕೂತಿದ್ದೀಯ? ಓಗಲಾ. ತೋಟಕ್ಕೆ ಓಗಲಾ.” ಮಾವ ಅವನಿಗಿಂತ ಹದಿನೈದು ವರ್ಷ ದೊಡ್ಡವರು. ತಲೆಯ ಟವಲು ತೆಗೆದು ಸೊಂಟಕ್ಕೆ ಸುತ್ತಿಕೊಂಡು ಹೊರಡುತ್ತಿದ್ದರು. ನಮ್ಮ ಮನೆಯೊಳಗೆ ದಿನಾ ಪೂರ್ತಿಯಾಗಿ ಕೇಳಿಸುತ್ತಿದ್ದ ಮನುಷ್ಯರ ಮಾತು ಅದೊಂದೇ.

ಇದೆಲ್ಲ ನಡೆದುಕೊಂಡು ಹೋಗುತ್ತಿತ್ತು. ನಗುವಾಗ ನಗುತ್ತಿದ್ದೆವು. ನನ್ನ ಮಗಳು ಸಹನಳ ವಿಷಯ ಬಂದಾಗ ಮಾತ್ರ ನನಗೆ ನಗು ನಿಂತುಹೋಯಿತು.

ಸಹನಳಿಗೆ ಎರಡು ತುಂಬಿ ಆರು ತಿಂಗಳಾದರೂ ಅವಳ ಬಾಯಲ್ಲಿ ಒಂದು ಮಾತು ಬರಲಿಲ್ಲ. ಅಮ್ಮ ಇಲ್ಲ, ಅಪ್ಪ ಇಲ್ಲ, ತಾತ ಇಲ್ಲ. ಅವಳು ಹಾರ್ನು ಹೊಡೆಯುತ್ತಿದ್ದಳು. ಹಸಿವಾದರೆ ಆಟೋದ ಹಾರ್ನು. ನಿದ್ದೆ ಬಂದರೆ ಸ್ಕೂಟರಿನದು. ಸಿಟ್ಟು ಬಂದರೆ ಟಿಪ್ಪರಿನ ಏರ್ ಹಾರ್ನು, ಅದೂ ಪಕ್ಕದ ಮನೆಯ ಕೋಳಿ ಎದ್ದು ಓಡುವ ಹಾಗೆ. ಒಳಗಡೆ ಕೂತೇ ಸೆಲ್ವರಾಜನ ಬಸ್ಸು ಬಂತೆಂದು ಮೂತಿ ಉದ್ದ ಮಾಡಿ ಪಪ್ಪಪ್ಪಾಂ ಅನ್ನುತ್ತಿದ್ದಳು. ಅವಳ ಹಾರ್ನು ಕೇಳಿಕೊಂಡೇ ನಾವು ಬಸ್ಸಿಗೆ ಹೊರಡುತ್ತಿದ್ದೆವು. ಒಂದು ದಿನವೂ ತಪ್ಪಲಿಲ್ಲ. ಕಾಲೊನಿಯವರು ಬಂದು ಅವಳ ಕೈಲಿ ಹಾರ್ನು ಹೊಡೆಸಿ ನಕ್ಕು ಹೋಗುತ್ತಿದ್ದರು. ಚಲಪತಿಯೂ ನಗುತ್ತಿದ್ದ. ಆಮೇಲೆ ಕೊಳಾಯಿಯ ಹತ್ತಿರ ಯಾರೋ ‘ಆ ಮೂಗಿ ಮಗು’ ಅಂದರು. ನಾನು ಬಿಂದಿಗೆ ಅಲ್ಲೇ ಬಿಟ್ಟು ಮನೆಗೆ ಬಂದೆ. ನನ್ನ ಮಗು ಮೂಗಿಯಲ್ಲ ಎಂದು ಹೇಳಲು ನನ್ನ ಹತ್ತಿರ ಸಾಕ್ಷಿ ಇರಲಿಲ್ಲ.

ರಾಬರ್ಟ್‌ಸನ್‌ಪೇಟೆಯಲ್ಲಿ ಮಕ್ಕಳ ಡಾಕ್ಟರು ರೂಪ ಎಂಬವರು ಇದ್ದಾರೆ. ಅತ್ತೆಯೂ ನಾನೂ ಅಲ್ಲಿಗೆ ಹೋದೆವು. ಡಾಕ್ಟರು ಮಗುವಿನ ಹಿಂದೆ ಸಣ್ಣ ಗಂಟೆ ಅಲ್ಲಾಡಿಸಿದರು. ಸಹನ ತಕ್ಷಣ ತಿರುಗಿದಳು. ಈ ಕಿವಿಗೆ, ಆ ಕಿವಿಗೆ, ದೂರದಿಂದ, ಹತ್ತಿರದಿಂದ. ಕಿವಿ ಚೆನ್ನಾಗಿದೆ ಅಂದರು. ಮನೆ ಎಲ್ಲಿ, ಮನೆಯಲ್ಲಿ ಯಾರು ಮಾತಾಡುತ್ತೀರಿ ಎಂದು ಕೇಳಿದರು. ನಾನು ಹೇಳಿದೆ. ಅವರು ಕಿವಿ ಮುಚ್ಚಿಕೊಂಡು ಸ್ವಲ್ಪ ಮೆಲ್ಲಗೆ ಹೇಳಮ್ಮ ಅಂದರು.

“ಮಗು ಕೇಳಿಸಿಕೊಂಡು ಕಲಿಯುತ್ತೆ. ಇವಳು ಏನು ಕೇಳಿಸಿಕೊಂಡಿದ್ದಾಳೋ ಅದನ್ನೇ ಕಲಿತಿದ್ದಾಳೆ. ತಪ್ಪು ಅವಳದಲ್ಲ. ದಿನಾ ಸ್ವಲ್ಪ ಹೊತ್ತು ಶಬ್ದ ಇಲ್ಲದ ಕಡೆ ಕೂತು ಇವಳ ಹತ್ತಿರ ಮಾತಾಡಿ. ಮೂರು ತುಂಬೋದರೊಳಗೆ ಶುರು ಮಾಡಬೇಕು, ತಡ ಮಾಡಿದರೆ ಕಷ್ಟ. ಇನ್ನೊಂದು ಮಾತು. ಮೊದಮೊದಲು ಏನು ಅಂದರೂ ಅನ್ನಲಿ. ತಿದ್ದಬೇಡಿ. ತಿದ್ದಿದರೆ ಮಗು ಮತ್ತೆ ಬಾಯಿ ಮುಚ್ಚಿಕೊಳ್ಳುತ್ತೆ.”

ಅತ್ತೆ ತಲೆಯಾಡಿಸಿ ಹೊರಗೆ ಬಂದು ನನ್ನನ್ನು ಕೇಳಿದಳು. “ಶಬ್ದ ಇಲ್ಲದ ಕಡೆ ಅಂದ್ರೆ ಎಲ್ಲಮ್ಮಿ?”

ಎಲ್ಲಿ ಎಂದು ಇಬ್ಬರಿಗೂ ಗೊತ್ತಿತ್ತು. ಮಾರನೇ ದಿನ ಮಧ್ಯಾಹ್ನ ಮಗುವನ್ನೆತ್ತಿಕೊಂಡು ಮುಚ್ಚಿದ ಕಾನ್ವೆಂಟಿನ ಹೊರಗಿರುವ ಹೊಂಗೆ ಮರದ ಕೆಳಗೆ ಹೋಗಿ ಕೂತೆ. ಗೇಟಿನ ಹೊರಗೆ, ರಸ್ತೆಯ ಪಕ್ಕ. ಲಾರಿಗಳು ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದವು. ಸಹನಳ ಗಲ್ಲ ಹಿಡಿದು ಅಮ್ಮ, ಅಮ್ಮ ಅನ್ನು ಅನ್ನುತ್ತಿದ್ದೆ. ಹತ್ತು ನಿಮಿಷವಾಗಿರಬೇಕು, ಮುನಿನಾರಾಯಣಪ್ಪ ಗೇಟು ತೆಗೆದ.

“ಯಾಕಮ್ಮಿ ಇಲ್ಲಿ ಕೂತಿದ್ದೀಯ?”

“ಮಗೂಗೆ ಮಾತು ಕಲುಸ್ತಾ ಇವ್ನಿ.”

“ಬೋರ್ಡ್ ಕಾಣಲ್ವಾ? ಇದು ನಿಶ್ಶಬ್ದ ವಲಯ. ಇಲ್ಲಿ ಮಾತಾಡ್ಬಾರ್ದು. ಎದ್ದು ಓಗು.”

ಎದ್ದೆ. ಆ ಮರವನ್ನು ನೆಟ್ಟವರು ನನ್ನ ಮಾವ. ನೀರು ಹೊತ್ತವಳು ನನ್ನ ಅತ್ತೆ. ಆ ನೆರಳಿನಲ್ಲಿ ನನ್ನ ಮಗು ‘ಅಮ್ಮ’ ಎಂದು ಕಲಿಯಬಾರದು. ಅವನ ಗೇಟಿನ ಒಳಗೆ ಕಟ್ಟಿದ್ದ ನಾಯಿ ನಾನು ಕಾಲೊನಿ ಸೇರುವವರೆಗೆ ಬೊಗಳಿತು. ಅದಕ್ಕೆ ಬೋರ್ಡು ಓದಲು ಬರುತ್ತಿರಲಿಲ್ಲ.

ಅತ್ತೆ ಸುಮ್ಮನಿರಲಿಲ್ಲ. ಅರ್ಜಿ ಬರೆಸಿಕೊಂಡು ನನ್ನನ್ನೂ ಕರೆದುಕೊಂಡು ಬಂಗಾರಪೇಟೆಗೆ ಹೊರಟಳು. ಅಲ್ಲಿ ಒಂದು ಕಚೇರಿ. ಯಾವುದೆಂದು ಹೇಳುವುದಿಲ್ಲ, ಹೇಳಿದರೆ ನಮ್ಮ ಕಷ್ಟ ಬಿಟ್ಟು ಆ ಹೆಸರಿಗೇ ಜಗಳವಾಗುತ್ತದೆ. ಎರಡು ಗಂಟೆ ನಿಂತ ಮೇಲೆ ಒಬ್ಬ ಸಾಹೇಬರು ಒಳಗೆ ಕರೆದರು. ಕುರ್ಚಿಗಳಿದ್ದವು. ಕೂರಿ ಅನ್ನಲಿಲ್ಲ.

“ಸಾ, ನಮ್ಮ ಮೊಮ್ಮಗೂಗೆ ಮಾತು” ಎಂದು ಅತ್ತೆ ಶುರು ಮಾಡಿ ಥಟ್ಟನೆ ನಿಲ್ಲಿಸಿದಳು. ಬಾಯಿ ತೆರೆದೇ ಇತ್ತು. ಬಾರದ ಲಾರಿಗಾಗಿ ಕಾಯುತ್ತಿದ್ದಾಳೆಂದು ನನಗೆ ಗೊತ್ತು. ಸಾಹೇಬರಿಗೆ ಗೊತ್ತಿಲ್ಲ.

“ಏನು, ಮರೆತು ಹೋಯ್ತಾ?”

“ಬರ್ಲಿಲ್ಲ ಸಾ” ಎಂದು ಅತ್ತೆ ಉಳಿದದ್ದನ್ನು ಮುಗಿಸಿದಳು. ಗೋಡೆಯ ಕ್ಯಾಲೆಂಡರು ಅಲ್ಲಾಡಿತು. ಆಚೆ ಕೋಣೆಯಿಂದ ಇಬ್ಬರು ಗುಮಾಸ್ತರು ಜಗಳ ಬಿಡಿಸಲು ಓಡಿ ಬಂದರು.

“ಯಾಕೆ ಕಿರುಚ್ತೀಯ? ಇದು ಆಫೀಸು. ಮೆತ್ತಗೆ ಮಾತಾಡು. ನನಗೆ ಕಿವಿ ಕೇಳಿಸುತ್ತೆ.”

ಅತ್ತೆ ಮೆತ್ತಗೆ ಮಾತಾಡಲು ನೋಡಿದಳು. ರಸ್ತೆ ಅಗಲವಾದ ಹದಿನೈದು ವರ್ಷದಿಂದ ಬಳಸದ ದನಿ, ಹುಡುಕಿದರೂ ಸಿಗಲಿಲ್ಲ. ಸಾಹೇಬರು ಅರ್ಜಿ ಓದಿ ನಕ್ಕರು.

“ಹಾರ್ನ್ ಸದ್ದು ಅಂತ ದೂರು. ತಮಟೆ ಬಡಿಯೋ ಜನ ಕಣಮ್ಮ ನೀವು. ನಿಮಗೆ ಹಾರ್ನ್ ಒಂದು ಸದ್ದಾ?”

ಅತ್ತೆ ಮೇಜಿನ ಹತ್ತಿರ ಒಂದು ಹೆಜ್ಜೆ ಹೋದಳು.

“ತಮಟೆ ನೀವು ಕರೆದ್ರೆ ಬಡಿತೀವಿ ಸಾ. ಈ ಆರನ್ ಸದ್ದನ್ನ ನಾವು ಕರ್ದಿಲ್ಲ.”

ಹದಿನೈದು ದಿನಕ್ಕೆ ಕಾಗದ ಬಂತು. ದೂರನ್ನು ಪರಿಶೀಲಿಸಲಾಗುವುದು. ದೂರುದಾರರು ಕಚೇರಿಯಲ್ಲಿ ಏರುದನಿಯಲ್ಲಿ ಮಾತಾಡಿ ಶಾಂತಿಗೆ ಭಂಗ ತಂದಿರುವುದನ್ನು ಗಮನಿಸಲಾಗಿದೆ. ಚಲಪತಿ ಇದನ್ನು ಓದಿ ಹೇಳಿದ. ನಡುವೆ ಎರಡು ಟಿಪ್ಪರು ಬಂದದ್ದರಿಂದ ಮೂರು ಸಲ ಓದಬೇಕಾಯಿತು.

ಸಂಕ್ರಾಂತಿ ಕಳೆಯಿತು. ಹುರುಳಿ ಕಿತ್ತರು.

ನಮ್ಮ ಕಡೆ ಹುರುಳಿಗೆ ಕಣ ಮಾಡುವುದು ಬಿಟ್ಟು ಎಷ್ಟೋ ವರ್ಷವಾಯಿತು. ಒಣಗಿದ ಗಿಡಗಳನ್ನು ತಂದು ರಸ್ತೆಯ ಮೇಲೆ ಹರಡುತ್ತಾರೆ. ಲಾರಿ, ಬಸ್ಸುಗಳು ತುಳಿದು ಕಾಯಿ ಒಡೆಯುತ್ತವೆ. ಸಂಜೆಗೆ ಸೊಪ್ಪು ಎತ್ತಿ, ಕಾಳು ಗುಡಿಸಿ ತೂರಿಕೊಂಡರೆ ಒಕ್ಕಣೆ ಮುಗಿಯಿತು. ಎತ್ತಿಗೆ ಹುಲ್ಲು ಹಾಕಬೇಕು, ಲಾರಿಗೆ ಡೀಸೆಲ್ಲು ಬೇರೆಯವರು ಹಾಕಿರುತ್ತಾರೆ. ಮುನಿನಾರಾಯಣಪ್ಪ ಪ್ರತಿ ವರ್ಷ ತನ್ನ ಹುರುಳಿಯನ್ನು ನಮ್ಮ ಕಾಲೊನಿಯ ಮುಂದೆ ಹರಡಿಸುತ್ತಾನೆ. ಅವನ ಗೇಟಿನ ಮುಂದೆ ಕಸ ಬೀಳಬಾರದು. ಪ್ರತಿ ವರ್ಷ ಒಂದು ಬದಿಗೆ ತೆಳ್ಳಗೆ ಹರಡುತ್ತಿದ್ದೆವು. ಈ ಸಲ ಬೆಳೆ ಎರಡರಷ್ಟು ಬಂದಿತ್ತು. ಒಂದೇ ದಿನಕ್ಕೆ ಮುಗಿಯಲಿ, ಎರಡೂ ಬದಿಗೆ ದಪ್ಪಗೆ ಹಾಕಿ ಅಂದ. ನಾವು ಮೊಣಕಾಲು ಎತ್ತರಕ್ಕೆ ಹಾಕಿದೆವು.

ಆ ಕೆಲಸ ಹೇಗಿರುತ್ತದೆಂದು ಮಾಡಿದವರಿಗೆ ಗೊತ್ತು. ಒಂದು ಲಾರಿ ಹೋಗಿ ಇನ್ನೊಂದು ಬರುವಷ್ಟರಲ್ಲಿ ರಸ್ತೆಗೆ ನುಗ್ಗಬೇಕು, ಕವೆಗೋಲಿನಿಂದ ಸೊಪ್ಪು ತಿರುವಬೇಕು, ಓಡಿ ಬರಬೇಕು. ಹುರುಳಿಯ ಸುಂಕು, ಆ ನವೆಯ ಧೂಳು, ಮೂಗಿಗೆ, ಕಣ್ಣಿಗೆ, ಕುಪ್ಪಸದೊಳಗೆ ಇಳಿಯುತ್ತದೆ. ಮೈಯೆಲ್ಲ ದದ್ದು. ಕೆರೆದರೆ ರಕ್ತ. ಹೋದ ವರ್ಷ ಅತ್ತೆಯ ಸೆರಗು ಟ್ಯಾಂಕರಿನ ಹಿಂದಿನ ಕೊಕ್ಕೆಗೆ ಸಿಕ್ಕಿಕೊಂಡು ಅರ್ಧ ಸೀರೆ ರಾಬರ್ಟ್‌ಸನ್‌ಪೇಟೆಗೆ ಹೋಯಿತು. ಉಳಿದರ್ಧದಲ್ಲಿ ಅತ್ತೆ ರಸ್ತೆಯಲ್ಲಿ ನಿಂತಿದ್ದಳು. ಮುನಿನಾರಾಯಣಪ್ಪ ಆಗ, ಕಾಳು ಚೆಲ್ಲಬೇಡಿ ಅಂದ. ಅದನ್ನು ನಾನು ಮರೆತಿಲ್ಲ.

ಈ ಸಲ ಬೇರೆಯೇ ಆಯಿತು. ಮೊದಲನೇ ಲಾರಿ ಸೊಪ್ಪಿನ ಮೇಲೆ ಹತ್ತಿತು. ಚಕ್ರ ಜಾರಿತು. ಡ್ರೈವರು ಹೆದರಿ ಮೊದಲನೇ ಗೇರಿಗೆ ಹಾಕಿ, ಎರಡು ಕೈಯಲ್ಲೂ ಸ್ಟಿಯರಿಂಗು ಹಿಡಿದು ಬಸುರಿ ಹೆಂಗಸನ್ನು ಕರೆದೊಯ್ಯುವ ಹಾಗೆ ನಡೆಸಿಕೊಂಡು ಹೋದ. ಹಾರ್ನಿಗೆ ಕೈ ಬಿಡುವಿರಲಿಲ್ಲ. ಅವನ ಹಿಂದೆ ಬಸ್ಸು, ಅದರ ಹಿಂದೆ ಟಿಪ್ಪರು, ಎಲ್ಲ ಹಾಗೇ. ಚರಚರ ಎಂದು ಸೊಪ್ಪು ಮುರಿಯುವ ಸದ್ದು ಬಿಟ್ಟರೆ ಏನೂ ಇಲ್ಲ.

ನಾನು ಒಳಗೆ ನೀರು ಕುಡಿಯಲು ಹೋದೆ. ಟಿಕ್ ಟಿಕ್ ಎಂದು ಏನೋ ಕೇಳಿಸಿತು. ಹಲ್ಲಿಯೆಂದುಕೊಂಡೆ. ನೋಡಿದರೆ ಗೋಡೆಯ ಗಡಿಯಾರ. ನನ್ನ ಮದುವೆಯಲ್ಲಿ ಬಂದದ್ದು. ಅದು ಸದ್ದು ಮಾಡುತ್ತದೆಂದು ಆರು ವರ್ಷಕ್ಕೆ ಗೊತ್ತಾಯಿತು.

ಹೊರಗೆ ಅತ್ತೆ ಕವೆಗೋಲು ಹಿಡಿದು ಮಾವನ ಮುಂದೆ ನಿಂತಿದ್ದಳು. ಅವರು ಯಾವಾಗಲೂ ಏನೋ ಗೊಣಗುತ್ತಾ ಕೆಲಸ ಮಾಡುತ್ತಿದ್ದರು. ಅವಳು ಯಾವಾಗಲೂ ತಲೆಯಾಡಿಸುತ್ತಿದ್ದಳು. ಇವತ್ತು ಕೇಳಿಸಿತ್ತು.

“ಏನಂದೆ? ಇನ್ನೊಂದ್ಸಲ ಅನ್ನು.”

“ನಾನೇನಂದೆ?”

“ನಿನ್ನ ಸಾರಿಗೆ ನಾಯೂ ಮೂಸಲ್ಲ ಅಂದೆ.” ನನ್ನ ಕಡೆ ತಿರುಗಿದಳು. “ಕಲಾ, ಕೇಳಿಸ್ಕೊಂಡ್ಯಾ? ಈ ಯಪ್ಪ ಇಷ್ಟು ವರ್ಸದಿಂದ ನನ್ನ ಬೈತಾ ಅವ್ನೆ, ನಾನು ಊಂ ಊಂ ಅಂತ ತಲೆ ಆಡುಸ್ತಾ ಇವ್ನಿ.”

ಅವತ್ತು ಅವರಿಬ್ಬರೂ ಒಂದು ಜಗಳವನ್ನು ಮೊದಲಿನಿಂದ ಕೊನೆಯವರೆಗೆ ಆಡಿ ಮುಗಿಸಿದರು. ಕಾಲೊನಿಯೆಲ್ಲ ಕೂತು ಕೇಳಿತು. ಜಗಳ ಮುಗಿದ ಮೇಲೆ ಇಬ್ಬರ ಮುಖದಲ್ಲೂ ಒಂದು ತೃಪ್ತಿ ಇತ್ತು.

ನಾನು ಸಹನಳನ್ನು ಹೊಸಿಲ ಮೇಲೆ ಕೂರಿಸಿಕೊಂಡೆ. ಇದು ಕಾಗೆ ಅಂದೆ. ಇದು ಕೋಳಿ. ಇದು ಉರುಳಿ ಸೊಪ್ಪು. ಅಗೋ ತಾತ. ಅವಳು ನನ್ನ ಬಾಯನ್ನೇ ನೋಡಿದಳು. ಆಮೇಲೆ ಬೆರಳು ಚಾಚಿ ನನ್ನ ತುಟಿ ಮುಟ್ಟಿದಳು. ಇಲ್ಲಿಂದಲೂ ಸದ್ದು ಬರುತ್ತದೆಂದು ಅವಳಿಗೆ ಆಗ ಗೊತ್ತಾಯಿತೇನೋ. ನನಗೆ ಅಳು ಬಂತು. ಹುರುಳಿಯ ಸುಂಕು ಕಣ್ಣಿಗೆ ಬಿತ್ತೆಂದು ಚಲಪತಿಗೆ ಹೇಳಿದೆ.

ಸಂಜೆ ಬುಲೆಟ್ಟು ಬಂತು. “ಲೇ ಕೋದಂಡ, ಎತ್ತಲಾ.”

ಮಾವ ಕವೆಗೋಲಿಗೆ ಕೈ ಹಾಕಿದರು. ಅತ್ತೆ ನನ್ನ ಮುಖ ನೋಡಿದಳು, ಮಗುವಿನ ಮುಖ ನೋಡಿದಳು.

“ಒಕ್ಕಣೆ ಆಗಿಲ್ಲ ಸೇರ್ಮನ್ರೇ” ಅಂದಳು.

“ಆಗಿಲ್ವಾ?”

“ಕಾಯಿ ಇನ್ನೂ ಅಸಿ. ಬೇಕಾದ್ರೆ ಮುಟ್ಟಿ ನೋಡಿ.”

ಮುಟ್ಟಿದರೆ ಮೈ ಕೆರೆಯುತ್ತದೆ. ಅವನು ಹುರುಳಿ ಮುಟ್ಟಿ ಇಪ್ಪತ್ತು ವರ್ಷವಾಗಿತ್ತು. ನಾಳೆ ಎತ್ತಿ ಎಂದು ಹೇಳಿ ಹೋದ. ಒಕ್ಕಣೆ ಮಧ್ಯಾಹ್ನಕ್ಕೇ ಆಗಿತ್ತು. ಕಾಳೆಲ್ಲ ಡಾಂಬರಿನ ಮೇಲೆ ಬಿದ್ದು ಹೊಳೆಯುತ್ತಿತ್ತು. ನಾವು ಕಾಳನ್ನು ಅವನ ಗೋಣಿಗಳಿಗೇ ತುಂಬಿ ಹೊಲಿದಿಟ್ಟೆವು, ಒಂದು ಕಾಳೂ ಮುಟ್ಟಲಿಲ್ಲ. ಸೊಪ್ಪನ್ನು ಮಾತ್ರ ಮತ್ತೆ ಹರಡಿದೆವು. ಎರಡನೇ ದಿನ ಇಬ್ಬನಿ ಬಿದ್ದು ಮೆತ್ತಗಾಗಿದೆ ಅಂದಳು ಅತ್ತೆ. ಮೂರನೇ ದಿನ ಈ ವರ್ಷದ ಹುರುಳಿಯ ಜಾತಿಯೇ ಬೇರೆ ಅಂದಳು.

ಮೂರು ದಿನವೂ ನಾನು ಕೂಲಿ ಬಿಟ್ಟು ಮಗುವಿನ ಹತ್ತಿರ ಮಾತಾಡಿದೆ. ಗಂಟಲು ಕಟ್ಟಿತು. ಸಹನ ಹಾರ್ನು ಹೊಡೆಯುವುದನ್ನು ನಿಲ್ಲಿಸಿದಳು. ಅದರ ಬದಲಿಗೆ ಏನೂ ಅನ್ನಲಿಲ್ಲ. ಇದ್ದದ್ದೂ ಹೋಯಿತಾ ಎಂದು ನನಗೆ ಹೆದರಿಕೆಯಾಯಿತು. ಇನ್ನು ನಾಲ್ಕು ದಿನ ಸಿಕ್ಕರೆ ಸಾಕು ಎಂದು ಯಾವ ದೇವರನ್ನೂ ಬಿಡದೆ ಕೇಳಿಕೊಂಡೆ. ನಾಲ್ಕನೇ ದಿನವೇ ಸಿಗಲಿಲ್ಲ.

ಮುನಿನಾರಾಯಣಪ್ಪನ ಟೊಮೇಟೊ ತೋಟ ಇರುವುದು ನಮ್ಮ ಕಾಲೊನಿಯ ಆಚೆ. ಅವತ್ತು ಬೆಳಿಗ್ಗೆ ಕ್ರೇಟು ತುಂಬಿದ ಅವನ ಪಿಕಪ್ಪು ಸೊಪ್ಪಿನ ಮೇಲೆ ತೆವಳಿಕೊಂಡು ಹೋಗಿ ಮಂಡಿ ಸೇರುವಷ್ಟರಲ್ಲಿ ಹರಾಜು ಮುಗಿದಿತ್ತಂತೆ. ಒಂಬತ್ತು ಗಂಟೆಗೆ ಬುಲೆಟ್ಟು ಬಂತು. ಆ ಹೊತ್ತಿಗೆ ಸೆಲ್ವರಾಜನ ಬಸ್ಸು ಸೊಪ್ಪಿನ ನಡುವೆ ನಿಂತಿತ್ತು, ಅದರ ಹಿಂದೆ ಎರಡು ಟಿಪ್ಪರು. ಬಸ್ಸಿನ ತುಂಬ ಜನ.

“ಎತ್ತಲಾ” ಎಂದು ಅವನು ಕೂಗಿದ. ಲಾರಿ ಸದ್ದನ್ನು ಮೀರಿಸುವ ಅದೇ ಗಂಟಲು. ಇವತ್ತು ಮೀರಿಸಲು ಏನೂ ಇರಲಿಲ್ಲ. ಬಸ್ಸಿನೊಳಗಿನ ಒಂದು ಕೂಸು ಬೆಚ್ಚಿ ಅತ್ತಿತು. ಜನ ಕಿಟಕಿಯಿಂದ ತಲೆ ಹೊರಗೆ ಹಾಕಿದರು. “ರಸ್ತೆ ಮೇಲೆ ಒಕ್ಕಣೆ ಮಾಡೋದು ಕಾನೂನಿಗೆ ವಿರುದ್ಧ. ಪೊಲೀಸ್ನೋರ್ನ ಕರೀಲಾ?”

ಇಪ್ಪತ್ತು ವರ್ಷ ಇಲ್ಲದ ಕಾನೂನು ಅವತ್ತು ಬೆಳಿಗ್ಗೆ ಹುಟ್ಟಿತ್ತು. ಅತ್ತೆ ಕವೆಗೋಲು ನೆಲಕ್ಕೂರಿ ನಿಂತಳು. ಅವಳಿಗೆ ಆ ದನಿ ಎಲ್ಲಿಂದ ಸಿಕ್ಕಿತೋ, ಮೆತ್ತಗೆ, ಮಗುವಿಗೆ ಜೋಗುಳ ಹಾಡುವ ಹಾಗೆ ಮಾತಾಡಿದಳು.

“ಮೆತ್ತಗೆ ಮಾತಾಡಿ ಸೇರ್ಮನ್ರೇ. ನಮಗೆ ಕಿವಿ ಕೇಳಿಸ್ತದೆ.”

ಸೆಲ್ವರಾಜ್ ಬಸ್ಸಿನ ಇಂಜಿನ್ನು ಆಫ್ ಮಾಡಿದ. ಟಿಪ್ಪರಿನವರೂ ಆಫ್ ಮಾಡಿದರು.

“ಏನಂದೆ?” ಅಂದ ಮುನಿನಾರಾಯಣಪ್ಪ.

“ನಿಮ್ಮ ಕಾಳು ಗೋಣೀಲೈತೆ, ತಕ್ಕೊಂಡೋಗಿ. ಸೊಪ್ಪು ಎತ್ತಲ್ಲ. ಆ ಬೋರ್ಡು ನಮ್ಮ ಕಾಲೊನಿ ಆ ಕಡೆ ಓಗ್ಬೇಕು. ಅದು ಓದ ಮೇಲೆ ಎತ್ತೀವಿ.”

“ಬೋರ್ಡು ನಿಮ್ಮಪ್ಪಂದಾ?”

ಅತ್ತೆಯ ಹಿಂದೆ ನಿಂತಿದ್ದ ಚಲಪತಿ ಬಾಯಿ ತೆರೆದ. ಯಾರ ಮುಂದೆಯೂ ಎದುರಾಡದ ಮನುಷ್ಯ. “ನೆಟ್ಟೋನು ನಾನು” ಅಂದ. ಒಳಗೆ ಹೋಗಿ ಹಾರೆ ತಂದ. ನಾಳೆ ಮೇಸ್ತ್ರಿ ಕೆಲಸದಿಂದ ತೆಗೆದರೆ ಏನು ಗತಿ ಎಂದು ನನಗೆ ಅನಿಸಿತು. ಅವನಿಗೂ ಅನಿಸಿರಬೇಕು. ಆದರೂ ಬೋರ್ಡಿನ ಬುಡಕ್ಕೆ ಹೋಗಿ ಹಾರೆ ಹಾಕಿದ. ಕಂಟ್ರಾಕ್ಟರನ ದಯೆ, ಬುಡದಲ್ಲಿ ಬರೀ ಮಣ್ಣಿತ್ತು. ಕಾಲೊನಿಯ ನಾಲ್ಕು ಜನ ಹೋಗಿ ಕಂಬಕ್ಕೆ ಕೈ ಕೊಟ್ಟರು.

ಮುನಿನಾರಾಯಣಪ್ಪನಿಗೆ ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ. ಅಭ್ಯಾಸವಾದ ಕಡೆಗೇ ತಿರುಗಿದ. ಮಾವ ಸಹನಳನ್ನು ಸೊಂಟದ ಮೇಲೆ ಎತ್ತಿಕೊಂಡು ಹೊಸಿಲ ಮುಂದೆ ನಿಂತಿದ್ದರು. ತಲೆಯ ಮೇಲೆ ಟವಲಿತ್ತು. ಅದನ್ನು ತೆಗೆದಿರಲಿಲ್ಲ.

“ಲೇ ಕೋದಂಡ, ಏನ್ಲಾ ನೋಡ್ತಾ ನಿಂತಿದ್ದೀಯ? ನಿನ್ನ ಮಗನ್ನ ನಿಲ್ಸಲಾ. ಓಗಲಾ.”

ಮಾವ ಕದಲಲಿಲ್ಲ.

ಸಹನ ಅವನನ್ನು ನೋ‍ಡಿದಳು. ಈ ದನಿ ಅವಳಿಗೆ ಗೊತ್ತು. ಹುಟ್ಟಿದಾಗಿನಿಂದ ದಿನಾ ಬೆಳಿಗ್ಗೆ ಕೇಳಿದ್ದು. ಮೂತಿ ಮುಂದೆ ತಂದಳು. ಹಾರ್ನು ಹೊಡೆಯುತ್ತಾಳೆಂದುಕೊಂಡೆ.

“ಓಗಲಾ” ಅಂದಳು.

ಅವನದೇ ರಾಗ. ಅವನದೇ ಎಳೆತ. ಕೊನೆಯಲ್ಲಿ ಗದ್ದ ಮೇಲೆತ್ತುವುದೂ ಅವನದೇ. ಗಾಳಿಯಲ್ಲಿ ಸೊಪ್ಪು ಸರಿಯುವುದು ಕೇಳಿಸುತ್ತಿತ್ತು. ಬಸ್ಸಿನ ಕೊನೆಯ ಸೀಟಿನವರಿಗೂ ಆ ಮಾತು ಕೇಳಿಸಿತು. ಮೊದಲು ನಕ್ಕವನು ಸೆಲ್ವರಾಜ್. ಆಮೇಲೆ ಬಸ್ಸೆಲ್ಲ ನಕ್ಕಿತು.

ಮುನಿನಾರಾಯಣಪ್ಪನ ಮುಖ ಅವನ ಟೊಮೇಟೊದ ಬಣ್ಣಕ್ಕೆ ತಿರುಗಿತು. “ಯಾರು ಏಳ್ಕೊಟ್ಟಿದ್ದು ಇದನ್ನ?”

“ನೀವೇ ಸೇರ್ಮನ್ರೇ” ಅಂದರು ಮಾವ. “ನಮ್ಮ ಮಾತು ಈ ಮನೇಲಿ ಯಾವತ್ತು ಕೇಳಿಸ್ತಿತ್ತು?”

ನಾನು ಹೊಸಿಲ ಮೇಲೆ ಕೂತುಬಿಟ್ಟೆ. ನನ್ನ ಮಗು ಮಾತಾಡಿತ್ತು. ನನ್ನ ಮಗು ಮೂಗಿಯಲ್ಲ. ಇಪ್ಪತ್ತೆರಡು ಮನೆ, ಒಂದು ಬಸ್ಸು, ಎರಡು ಟಿಪ್ಪರಿನ ಜನ ಸಾಕ್ಷಿ ಇದ್ದರು.

ಮಾವ ಎಷ್ಟಾದರೂ ಹಳೆಯ ಕಾಲದವರು. ಅರವತ್ತೈದು ವರ್ಷ ಬಾಗಿದ ಬೆನ್ನು ಒಂದೇ ಬೆಳಿಗ್ಗೆ ನೆಟ್ಟಗಾಗುವುದಿಲ್ಲ. ಮಗುವಿನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದರು.

“ದೊಡ್ಡೋರ್ಗೆ ಅಂಗನ್ಬಾರ್ದು ಕಣಮ್ಮಿ. ಓಗಿ ಅನ್ಬೇಕು.”

ಅತ್ತೆ ಅಲ್ಲಿಂದಲೇ ಕವೆಗೋಲು ಎತ್ತಿ ಅವರನ್ನು ತಡೆದಳು.

“ತಿದ್ಬೇಡ. ಡಾಕ್ಟ್ರಮ್ಮ ಏಳವ್ಳೆ. ಮೊದಲ್ನೇ ಮಾತು ತಿದ್ಬಾರ್ದು.”

ಮಾವ ಬಾಯಿ ಮುಚ್ಚಿಕೊಂಡರು. ಸಹನ ಇನ್ನೊಂದು ಸಲ ಹೇಳಿದಳು. ಈ ಸಲ ಇನ್ನೂ ಸ್ಪಷ್ಟವಾಗಿತ್ತು.